ಅಂತಃಕರಣಕ್ಕೆ ಕೊಟ್ಟ ಮನೆ

ಕಮತಗಿಯ ಸತ್ಯವ್ವನಷ್ಟು ಹಟಮಾರಿ ಕಕ್ಷಿದಾರಳನ್ನು ನಾನು ಕಂಡಿಲ್ಲ. ಆಗ ನಾನು ಹುನಗುಂದದ ವಕೀಲ ತಿಮ್ಮಣ್ಣನವರ ಗುಮಾಸ್ತ, ೧೯೭೮ರ ಮಾತು.

ಸತ್ಯವ್ವ ಗಂಡ ಸತ್ತ ಮೇಲೆ ತವರಿಗೆ ಬಂದವಳು. ಹಾಸಿಗೆ ಹಿಡಿದ ತಾಯಿಯ ಹೇಲು ಉಚ್ಚೆ ಬಳಿದವಳು ಅವಳೇ. ಅದನ್ನು ಕಂಡು ಅಣ್ಣ ಕಾಳಪ್ಪನ ಕರುಳು ಕರಗಿತು. ಬೀರಪ್ಪನ ಗುಡಿಯ ಅರಿಶಿಣ, ಅಂದರೆ ಭಂಡಾರ ಮುಟ್ಟಿ ಆಣೆ ಮಾಡಿ, "ತಂಗಿ, ಹಿತ್ತಲ ಮನಿ ಇನ್ನ ಮ್ಯಾಲ ನಿಂದವ್ವಾ" ಎಂದ. ಬರೆಸಿಕೋ ಎಂದ ನೆರೆಯವರ ಮೇಲೆ ಸತ್ಯವ್ವ ಹರಿಹಾಯ್ದಳು. ಭಂಡಾರ ಮುಟ್ಟಿದವನಿಗೆ ಕಾಗದ ಕೇಳಿದರೆ ಬೀರಪ್ಪನನ್ನೇ ಸುಳ್ಳ ಎಂದಂತೆ ಎಂಬುದು ಆ ದೇವರ ಒಕ್ಕಲಿನವರ ನಂಬಿಕೆ.

ತಾಯಿ ಹೋದಳು, ಕಾಳಪ್ಪನೂ ಹೋದ. ಅವನ ಮಗ ಬಂಡೆಪ್ಪ, "ಅತ್ತಿ, ಅಪ್ಪನ ಮಾತು ಅಪ್ಪನ ಕೂಡನ ಹೋತು. ಮನಿ ಬಿಡು" ಎಂದ. ಬೇರೆ ಸೂರಿಲ್ಲದ ಸತ್ಯವ್ವ ನಮ್ಮ ಮೆಟ್ಟಿಲು ಹತ್ತಿದಳು.

"ಬರೀ ಪ್ರೀತಿಗೆ ಕೊಟ್ಟ ಮಾತಾದ್ರ ಬರದು ರಿಜಿಸ್ಟರ್ ಮಾಡಿಸಿರಬೇಕವ್ವಾ," ಎಂದರು ತಿಮ್ಮಣ್ಣ. "ಬಾಯಿಮಾತು ನಿಲ್ಲಬೇಕಂದ್ರ ಪ್ರತಿಫಲ ಬೇಕು. ಅವ ಕೊಡೂದಕ್ಕ ಬದಲಿ ನೀನೂ ಏನರ ಕೊಡಬೇಕು. ಅವ್ವನ್ನ ನೋಡಕೋ, ಮನಿ ಕೊಡತೇನಿ ಅಂತ ಅಣ್ಣ ಅಂದಿದ್ದ, ಹೌದಿಲ್ಲೊ?"

ಸತ್ಯವ್ವ ಸುಮ್ಮನಿದ್ದಳು. ಆ ಮೌನವನ್ನೇ ಹೌದು ಎಂದುಕೊಂಡು ನಾವು ದಾವೆ ಹಾಕಿದೆವು. ವಕೀಲರಿಗೆ ಆಸೆ ಹುಟ್ಟಲು ಅಷ್ಟು ಸಾಕು.

ಕಟಕಟೆಯಲ್ಲಿ ನಿಂತ ಸತ್ಯವ್ವನಿಗೆ ಎದುರು ವಕೀಲರು ಕೇಳಿದ್ದು ಒಂದೇ: "ಮನಿ ಕೊಡದಿದ್ರ ತಾಯಿನ್ನ ಬಿಟ್ಟ ಹೋಗತಿದ್ಯೇನು?"

"ಹಡದಾಕೀನ ಹೆಂಗ ಬಿಡ್ಲಿರಿ? ಅದರ ಬದಲಿ ಮನಿ ಅಂತ ಅಣ್ಣ ಅಂದಿಲ್ಲ, ನಾ ಕೇಳಿಲ್ಲ. ಅಂವ ಅಂತಃಕರಣಕ್ಕ ಕೊಟ್ಟಾನ."

ತಿಮ್ಮಣ್ಣ ಪೆನ್ನಿಗೆ ಮುಚ್ಚಳ ಹಾಕಿಬಿಟ್ಟರು. ನನಗೆ ಅವಳ ಮೇಲೆ ಸಿಟ್ಟು ಬಂತು, ಆಮೇಲೆ ಆ ಸಿಟ್ಟಿನ ಮೇಲೇ ಹೇಸಿಗೆ ಬಂತು. ಒಂದು ಹುಸಿ ಆಡಿದ್ದರೆ ಸೂರು ಉಳಿಯುತ್ತಿತ್ತು.

ಮುಂದಿನ ತಾರೀಖಿಗೆ ದಾವೆ ವಜಾ ಆಯಿತು. ತೀರ್ಪನ್ನು ಬಿಡಿಸಿ ಹೇಳಿದಾಗ ಸತ್ಯವ್ವ ಕೋರ್ಟಿನ ಕಟ್ಟೆಯ ಮೇಲೆ ಕೂತಳು. "ಮನಿ ಆಸೇಕ್ಕ ಅವ್ವನ್ನ ನೋಡೇನಿ ಅಂದಿದ್ರ ಗೆಲ್ತಿದ್ನೇನ್ರಿ?" ಎಂದು ಕೇಳಿದಳು.

"ಹೂಂ," ಎಂದರು ತಿಮ್ಮಣ್ಣ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. "ಹಂಗಾರ ನನ್ನ ಇನ್ನೊಮ್ಮೆ ಕಟಕಟಿಗೆ ಕರಸ್ರಿ, ಸಾಹೇಬ್ರ. ಹಂಗ ಅಂತೇನಿ."

ಅಷ್ಟರಲ್ಲಿ ಬಂಡೆಪ್ಪ ಹೊಸ ಬೀಗ ಕೊಂಡು ಕಮತಗಿಯ ಬಸ್ಸು ಹತ್ತಿದ್ದ.