ದೇವರಿಗೆ ಬೆನ್ನು ತೋರಿಸದೆ

ಆ ವಿಡಿಯೋ ಇಪ್ಪತ್ತು ಸೆಕೆಂಡಿನದು.

೨೦೧೬ರ ಬೇಸಿಗೆಯಲ್ಲಿ ಟೆಕ್ಸಸ್‌ನ ಅಲೆನ್ ಊರಿನಿಂದ ನಾನು, ಗಂಡ, ಧಾರವಾಡದಿಂದ ಬಂದಿದ್ದ ಅತ್ತೆ, ಜೊತೆಗೆ ಗಂಡನ ಆಸ್ಟಿನ್ ಗೆಳೆಯ ಗ್ರೀಸಿಗೆ ಹೋಗಿದ್ದೆವು. ಅಲ್ಲೊಂದು ಬೆಟ್ಟದ ತುದಿಯಲ್ಲಿ ಬೈಜಾಂಟೈನ್ ಸಾಮ್ರಾಜ್ಯದ ಕಾಲದ ಪಾಳು ಊರು. ಮುರಿದ ಗೋಡೆಗಳು, ಗುಮ್ಮಟದ ಚರ್ಚುಗಳು, ಒಳಗೆ ಸಂತರ ಭಿತ್ತಿಚಿತ್ರಗಳು. ಸಂತರ ಎದೆಯ ಮೇಲೂ ಯಾರೋ ತಮ್ಮ ಹೆಸರು ಗೀಚಿದ್ದರು. ಮೊಣಕಾಲು ನೋವೆಂದು ಗಂಡ ಕೆಳಗೆ ಕಾಫಿ ಅಂಗಡಿಯಲ್ಲೇ ಉಳಿದಿದ್ದ.

ಅತ್ತೆ ಒಂದು ಚರ್ಚಿನ ಹೊಸ್ತಿಲಲ್ಲಿ ಶೂ ಬಿಚ್ಚಿಟ್ಟು ಕಾಲುಚೀಲದಲ್ಲೇ ಒಳಗೆ ಹೋದರು. ತಾಯಿ-ಮಗುವಿನ ಚಿತ್ರಕ್ಕೆ ಕೈಮುಗಿದು ಗಲ್ಲ ಬಡಿದುಕೊಂಡರು. ಆಮೇಲೆ ಊರಿನ ಗುಡಿಯಲ್ಲಿ ಮಾಡುವಂತೆ, ಚಿತ್ರವನ್ನೇ ನೋಡುತ್ತ ಹಿಂದೆ ಹಿಂದೆ ಹೆಜ್ಜೆಯಿಟ್ಟರು.

"ಅತ್ತೀ, ತಿರುಗಿ ನಡೀರಿ."

"ದೇವರಿಗೆ ಬೆನ್ನ ತೋರಸ್ತಾರೇನವಾ?"

ಬಾಗಿಲಾಚೆ ನಾಲ್ಕು ಹೆಜ್ಜೆಯಗಲದ ಕಲ್ಲುಹಾಸು, ಮೊಣಕಾಲೆತ್ತರದ ಗೋಡೆ, ಅದರಾಚೆ ಪ್ರಪಾತ. ಗೆಳೆಯ ಫೋನ್ ಹಿಡಿದು ನಿಂತಿದ್ದ. "ಆಂಟಿ ಮೂನ್‌ವಾಕ್ ಡಾನ್ಸ್! ಹಾಗೇ ಬನ್ನಿ, ಸೂಪರ್!"

ಸವೆದ ಕಲ್ಲಿನ ಮೇಲೆ ಕಾಲುಚೀಲ ಜಾರಿತು. ಕಾಲು ಗೋಡೆಗೆ ತಗಲಿ ಮೈ ಹಿಂದಕ್ಕೆ ವಾಲಿತು. ಮೇಣದ ಬತ್ತಿ ಮಾರುತ್ತಿದ್ದ ಮುದುಕಿ ನುಗ್ಗಿ ಬಂದು ಅವರ ಸ್ವೆಟರ್ ಹಿಡಿದು ಜಗ್ಗಿದಳು. ಅತ್ತೆ ಅಲ್ಲೇ ಕುಸಿದು ವಾಂತಿ ಮಾಡಿಕೊಂಡರು.

ಕೂಗಿಕೊಂಡೆ, ಓಡಿದೆ, ಅಷ್ಟರಲ್ಲಿ ಮುದುಕಿ ಹಿಡಿದಳು ಎಂದು ಗಂಡನಿಗೆ ಹೇಳಿದೆ. ಹೇಳಿ ಹೇಳಿ ನಾನೂ ಅದನ್ನೇ ನಂಬಿದೆ.

ಎರಡು ತಿಂಗಳಾದ ಮೇಲೆ ಆಸ್ಟಿನ್‌ನಲ್ಲಿ ಗೆಳೆಯನ ಮನೆಗೆ ಊಟಕ್ಕೆ ಹೋಗಿದ್ದೆವು. ಅವನು ವಿಡಿಯೋಕ್ಕೆ ಕುಣಿತದ ಹಾಡು ಸೇರಿಸಿ ದೊಡ್ಡ ಟಿವಿಗೆ ಹಾಕಿದ. ಮುದುಕಿ ಬರುವ ಭಾಗ ಕತ್ತರಿಸಿದ್ದ. ಬಂದವರೆಲ್ಲ ಬಾಯಲ್ಲಿ ಜಿಲೇಬಿ ಇಟ್ಟುಕೊಂಡೇ ನಕ್ಕರು. ಪಾಕ ಅಂಟಿದ ಆ ತುಟಿಗಳನ್ನು ನೋಡಲಾಗದೆ ನನ್ನ ತಟ್ಟೆ ದೂರ ಸರಿಸಿದೆ.

ಅತ್ತೆ ಅವನನ್ನು ಕೇಳಿದರು: "ನಾ ಬೀಳೂ ಮುಂದ ನೀ ಇದನ್ನ ತಗಿಯಾಕತ್ತಿದ್ದೀ?"

"ಏನೂ ಆಗ್ಲಿಲ್ವಲ್ಲ ಆಂಟಿ, ಸುಮ್ನೆ ಫನ್‌ಗೆ."

"ಥೂ, ಆಫ್ ಮಾಡು," ಎಂದೆ ನಾನು.

"ಬ್ಯಾಡ. ಮತ್ತೊಮ್ಮೆ ಹಚ್ಚು," ಎಂದರು ಅತ್ತೆ.

ಆಗ ಕಂಡೆ. ಬಾಗಿಲ ಪಕ್ಕ, ಅವರಿಂದ ಒಂದು ತೋಳಳತೆಯಲ್ಲಿ ನಾನಿದ್ದೇನೆ. ನಗುತ್ತಿದ್ದೇನೆ. ಅವರ ಕಾಲು ಜಾರಿದಾಗ ನನ್ನ ಕೈ ಏಳುತ್ತದೆ, ನನ್ನದೇ ಬಾಯಿ ಮುಚ್ಚಿಕೊಳ್ಳಲು. ಪಾದ ಕದಲುವುದೇ ಇಲ್ಲ.

ಗಂಡ ನನ್ನನ್ನು ನೋಡಿದ. ಅತ್ತೆ ನೋಡಲಿಲ್ಲ. ತಟ್ಟೆ ಕೆಳಗಿಟ್ಟು ಮಗನಿಗೆ ಹೇಳಿದರು: "ಊರಿಗೆ ಹೋಗೂ ನನ್ನ ಟಿಕೀಟು ಈ ವಾರದ್ದ ಸಿಗತದೇನ ನೋಡಪಾ."