ಹಾಲು ಸುರಿಯುವವನ ಬೆನ್ನು

ಹತ್ತನೇ ತರಗತಿಗೆ ಇಂಗ್ಲಿಷಿನಲ್ಲಿ ಜೀವನಚರಿತ್ರೆಯ ಪಾಠ ಒಂದಿದೆ. ಪುಸ್ತಕ ಹಿಡಿದು ಓದಿಸಿದರೆ ಹಿಂದಿನ ಬೆಂಚು ತೂಕಡಿಸುತ್ತದೆ. ಕಡಯಂಪಟ್ಟಿ ಕಡೆಯಿಂದ ತಮಿಳುನಾಡಿನ ಪೆನ್ನಾಗರಂ ಹತ್ತಿರದ ಈ ಶಾಲೆಗೆ ವರ್ಗವಾಗಿ ಬಂದ ವರ್ಷ, ಯಾರಾದರೂ ಹೆಸರುವಾಸಿಯಾದವರ ಡಾಕ್ಯುಮೆಂಟರಿಯನ್ನು ಗೋಡೆಯ ಮೇಲೆ ತೋರಿಸಿ ಪಾಠ ಮಾಡೋಣ ಅಂದುಕೊಂಡೆ. ಪ್ರೊಜೆಕ್ಟರ್ ಶಾಲೆಯದು, ಕಿಟಕಿಗೆ ಕಟ್ಟುವ ಹಳೇ ಬೆಡ್‌ಶೀಟುಗಳು ನಮ್ಮ ಮನೆಯವು.

ಯಾರದ್ದು ತೋರಿಸಲಿ ಅಂದಾಗ ಗಂಡುಹುಡುಗರು ಕ್ರಿಕೆಟ್ ಆಟಗಾರರ ಹೆಸರು ಹಿಡಿದು ಜಗಳಕ್ಕೇ ಬಿದ್ದರು. ಆಗ ಎಂದೂ ಬಾಯಿ ಬಿಡದ ಹುಡುಗಿಯೊಬ್ಬಳು ಎದ್ದು ಒಬ್ಬ ಸಿನಿಮಾ ಹೀರೋನ ಹೆಸರು ಹೇಳಿದಳು. ಹುಡುಗರೆಲ್ಲ ಜಗಳ ಬಿಟ್ಟರು. "ಸರಿ ಮಿಸ್, ಅದೇ ಪೋಡುಂಗ" ಅಂದರೆ ಅದನ್ನೇ ಹಾಕಿ ಎಂದು ತಮಿಳಿನಲ್ಲಿ ಒಪ್ಪಿಬಿಟ್ಟರು. ಇಷ್ಟು ಸಲೀಸಾಗಿ ಅವರು ಯಾವುದನ್ನೂ ಒಪ್ಪಿದವರಲ್ಲ.

ಊಟದ ಹೊತ್ತಿಗೆ ಗಣಿತದ ಮೇಷ್ಟ್ರು ಡಬ್ಬಿ ಬಿಚ್ಚುತ್ತ ವಿಷಯ ಹೇಳಿದರು. ಅವಳ ಅಪ್ಪ ಆ ಹೀರೋನ ಅಭಿಮಾನಿ ಸಂಘದಲ್ಲಿದ್ದವನು. ಕೆಲವು ವರ್ಷದ ಹಿಂದೆ ಹೊಸ ಪಿಕ್ಚರ್ ಬಿಡುಗಡೆಯ ಬೆಳಿಗ್ಗೆ ಥಿಯೇಟರ್ ಮುಂದಿನ ಕಟೌಟ್ ಹತ್ತಿ ಹಾಲಿನ ಅಭಿಷೇಕ ಮಾಡಿದ. ಇಳಿಯುವಾಗ ಅವನು ಹಿಡಿದ ಪಕ್ಕದ ಬ್ಯಾನರಿನ ಕಬ್ಬಿಣದ ಚೌಕಟ್ಟು ವಾಲಿ ಕರೆಂಟ್ ತಂತಿಗೆ ತಗುಲಿತು. ಹೆಣವನ್ನೇ ಇಳಿಸಿಕೊಂಡರು.

ನಲ್ಲಿಯ ಹತ್ತಿರ ಡಬ್ಬಿ ತೊಳೆಯುತ್ತ ಹುಡುಗಿಯನ್ನು ಕರೆದೆ. ಕ್ಲಾಸಿನಲ್ಲಿ ತಮಿಳು, ನಾನೊಬ್ಬಳೇ ಇದ್ದರೆ ಅವಳು ಮನೆಯ ಕನ್ನಡ ಆಡುತ್ತಾಳೆ.

"ಬೇರೆ ಯಾರದ್ದಾದರೂ ಹಾಕೋಣ ಮಗಾ."

"ಬ್ಯಾಡ ಮಿಸ್, ಅದೇ ಆಕಿ. ಅದ್ರಾಗೆ ನಮ್ಮಪ್ಪ ಬತ್ತಾನಂತೆ. ಪಕ್ಕದ ಮನೆ ಅಣ್ಣ ನೋಡವ್ನೆ."

"ನೀನು ನೋಡಿಲ್ವಾ?"

"ಆ ಹೀರೋ ಮುಖ ಕಂಡ್ರೆ ನಮ್ಮವ್ವ ಫೋನೇ ಕಿತ್ಕೊಂತಾಳೆ." ಸುರಿಯುತ್ತಿದ್ದ ನಲ್ಲಿಯನ್ನು ತಿರುಗಿಸಿ ನಿಲ್ಲಿಸಿದಳು. "ಅಪ್ಪನ ಮುಖ ಮರ್ತೋಗ್ತಾ ಐತೆ ಮಿಸ್. ನೆನೆಸ್ಕೊಂಡ್ರೆ ಗೋಡೆ ಮೇಲಿನ ಫೋಟೋನೇ ಬತ್ತದೆ. ಅದು ಆಧಾರ್ ಕಾರ್ಡಿಂದು ದೊಡ್ಡದು ಮಾಡ್ಸಿದ್ದು. ಅದ್ರಾಗೆ ಅಪ್ಪ ನಗಾಕಿಲ್ಲ."

ಆ ಸಂಜೆ ಹುರುಳಿಕಾಯಿ ಹೆಚ್ಚುತ್ತ ಡಾಕ್ಯುಮೆಂಟರಿಯನ್ನು ಫೋನಿನಲ್ಲಿ ಮೊದಲು ನಾನೇ ನೋಡಿದೆ. ನಡುಭಾಗದಲ್ಲಿ ನಮ್ಮೂರ ಥಿಯೇಟರ್ ನಿಜವಾಗಿಯೂ ಬಂತು, ಕಟೌಟಿನ ಹೆಗಲ ಮೇಲೆ ಒಬ್ಬ ಗಂಡಸು ಇದ್ದ. ಬೆನ್ನು ಮಾತ್ರ ಕಾಣುತ್ತಿತ್ತು. ಮಾರನೆಯ ದಿನ ಇದ್ದದ್ದನ್ನು ಇದ್ದ ಹಾಗೇ ಹೇಳಿದೆ.

"ಫೋನು ಚಿಕ್ಕದಲ್ವಾ ಮಿಸ್. ಗೋಡೆ ಮೇಲೆ ದೊಡ್ಡದಾಗಿ ಆಕಿದ್ರೆ ಮುಖಾನೂ ಕಾಣ್ಬೋದು" ಎಂದಳು. ಆಮೇಲೆ, "ನಮ್ಮಜ್ಜೀನೂ ಕರ್ಕೊಂಡ್ ಬರ್ಲಾ?"

ಅಜ್ಜಿ ಬಂದರು. ಕೊನೆಯ ಬೆಂಚಿನ ಮೇಲೆ ಕಾಲು ಮಡಚಿ, ಎಲೆಅಡಿಕೆ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತರು. ನಾನು ಅಲ್ಲಲ್ಲಿ ನಿಲ್ಲಿಸಿ ಪಾಠದ ಪ್ರಶ್ನೆ ಕೇಳುತ್ತಿದ್ದೆ. ಇವರು ಹುಟ್ಟಿದ್ದೆಲ್ಲಿ? ಬದುಕು ತಿರುಗಿದ್ದು ಯಾವಾಗ?

"ಟೆಂತ್ ಫೇಲಾದಾಗ ಮಿಸ್! ನಾವೂ ಅದಕ್ಕೇ ಕಾಯ್ತಾ ಇದ್ದೀವಿ" ಎಂದ ಒಬ್ಬ ಹುಡುಗ. ಎಲ್ಲರೂ ನಕ್ಕರು.

"ಇವನ್ಯಾವನೇ, ಆಗ್ಲಿಂದ ಇವಂದೇ ಪುರಾಣ?" ಅಜ್ಜಿಯ ಗೊಣಗಾಟ. "ನನ್ ಮಗ ಎಲ್ಲವ್ನೆ?"

"ಬತ್ತಾನೆ, ಸುಮ್ನಿರಜ್ಜಿ."

ಥಿಯೇಟರ್ ಬಂತು. ಅಭಿಮಾನಿಗಳ ಪ್ರೀತಿ ಎಂಥದ್ದು ಎಂದು ಹಿನ್ನೆಲೆಯಲ್ಲಿ ಒಬ್ಬರು ವಿವರಿಸಲು ಶುರು ಮಾಡುತ್ತಿದ್ದರು, ನಾನು ಧ್ವನಿ ಬಂದ್ ಮಾಡಿಬಿಟ್ಟೆ. ಕಟೌಟಿನ ಹೆಗಲ ಮೇಲೆ ಮಂಡಿಯೂರಿದ್ದವನು ಕ್ಯಾನು ಎತ್ತಿ ಬಗ್ಗಿಸಿದ. ಹೀರೋನ ಹಣೆಯಿಂದ ಮೂಗಿಗೆ, ಮೂಗಿನಿಂದ ಗಲ್ಲಕ್ಕೆ ಹಾಲು ಇಳಿಯಿತು. ಕೆಳಗಿನ ಜನ ಸದ್ದೇ ಇಲ್ಲದೆ ಬಾಯಿ ತೆರೆದು ಕುಣಿದರು.

"ಅದು ನಮ್ಮನೆ ಕ್ಯಾನು" ಎಂದರು ಅಜ್ಜಿ. "ಹಿಡಿ ಮುರಿದಿತ್ತು, ನಾನೇ ತಂತಿ ಸುತ್ತಿದ್ದೆ. ಡೈರಿಗೆ ಆಕ್ತೀನಿ ಅಂತ ಎಲ್ಲಾ ಹಾಲೂ ತಗೊಂಡೋದ. ಅವತ್ತು ಮನೇಲಿ ಕಾಪಿಗೂ ಹಾಲಿರ್ಲಿಲ್ಲ."

ಅಷ್ಟರಲ್ಲಿ ಗೋಡೆಯ ಮೇಲೆ ಹೀರೋ ಕಾರಿನಿಂದ ಕೈ ಬೀಸುತ್ತಿದ್ದ. "ಇನ್ನೊಂದ್ಸಲ ಮಿಸ್" ಎಂದಳು ಹುಡುಗಿ. ಹಿಂದಕ್ಕೆ ತಂದು ಹಾಕಿದೆ. ಅವಳು ಮುಂದೆ ಹೋಗಿ ಗೋಡೆಗೆ ಹತ್ತಿರ ನಿಂತಳು. ಮತ್ತೆ ಹಾಕಿದೆ. ಅವನು ತಿರುಗಲಿಲ್ಲ. ಚಿತ್ರ ದೊಡ್ಡದು ಮಾಡಿದಷ್ಟೂ ಅವನ ತಲೆ, ಶರ್ಟು ಎಲ್ಲ ಬರೀ ಚುಕ್ಕಿಗಳಾಗಿ ಒಡೆಯುತ್ತಿದ್ದವು.

"ಸಾಕು, ಇಳೀಲಾ" ಎಂದರು ಅಜ್ಜಿ. ಮೊದಲು ಮೆಲ್ಲಗೆ, ಆಮೇಲೆ ಹೊಲದಾಚೆ ಇರುವವನನ್ನು ಕೂಗುವ ಹಾಗೆ. "ಇಳೀಲಾ! ಆ ಕಡೆಯಿಂದ ಬ್ಯಾಡ, ಈ ಕಡೆಯಿಂದ ಇಳಿ!"

ನಾನು ಚಿತ್ರ ನಿಲ್ಲಿಸಿಬಿಟ್ಟೆ. ಕ್ಯಾನು ಮೇಲೆತ್ತಿದಂತೆಯೇ ಅವನು ಗೋಡೆಯ ಮೇಲೆ ಉಳಿದ. ಅಜ್ಜಿ ಬೆಂಚುಗಳ ನಡುವೆ ನಡೆದು ಹೋಗಿ ಅವನ ಕಾಲು ಹಿಡಿದುಕೊಳ್ಳಲು ಕೈ ಚಾಚಿದರು. ಅವರ ನೆರಳು ಗೋಡೆಗೆ ಬಿದ್ದು ಮಗ ಪೂರ್ತಿ ಮರೆಯಾದ.

"ಅಜ್ಜೀ, ಹಿಂದಕ್ಕೆ ಬಾ. ನೀ ಅಲ್ಲಿ ನಿಂತ್ರೆ ಅಪ್ಪ ಕಾಣಾಕಿಲ್ಲ."

ಅಜ್ಜಿ ಹಿಂದೆ ಬರಲಿಲ್ಲ. ಅಂಗೈಯನ್ನು ಗೋಡೆಗೆ ಒತ್ತಿಕೊಂಡೇ ನಿಂತರು. ಬೆಲ್ ಹೊಡೆಯಿತು. ಟೆಂತ್ ಫೇಲಿನ ತಮಾಷೆ ಮಾಡಿದ್ದ ಆ ಹುಡುಗನೇ ಎದ್ದು ಬಂದು, "ಪಾಟ್ಟಿ, ವಾಂಗ", ಬನ್ನಿ ಅಜ್ಜಿ ಎಂದು ಅವರ ಮೊಣಕೈ ಹಿಡಿದು ಹೊರಗೆ ಕರೆದೊಯ್ದ.

ಡಾಕ್ಯುಮೆಂಟರಿ ಇನ್ನೂ ಅರ್ಧ ಉಳಿದಿತ್ತು. ಪ್ರಶಸ್ತಿಗಳು, ಹೊಸ ಬಂಗಲೆ, ಮಗಳ ಮದುವೆ. ಮುಂದಿನ ವಾರ ಅದನ್ನು ಹಾಕಿ ಎಂದು ಯಾರೂ ಕೇಳಲಿಲ್ಲ, ನಾನೂ ಹಾಕಲಿಲ್ಲ. ಪುಸ್ತಕದಲ್ಲಿದ್ದುದನ್ನೇ ಓದಿಸಿದೆ.

ಚಿತ್ರ ಹಾಕಿದ ದಿನ ಕಿಟಕಿಯ ಬೆಡ್‌ಶೀಟು ಮಡಚಲು ಹುಡುಗಿ ಒಬ್ಬಳೇ ಉಳಿದಳು. ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ.

"ಮಿಸ್, ನೋಡಬಾರದಿತ್ತೇನೋ" ಎಂದಳು. "ಮೊದ್ಲು ಕಣ್ಣು ಮುಚ್ಚಿದ್ರೆ ಆ ಫೋಟೋ ಮುಖನಾದ್ರೂ ಬತ್ತಿತ್ತು. ಈಗ ಬೆನ್ನೇ ಬತ್ತಾ ಐತೆ."

ಅವಳು ತನ್ನ ತುದಿಯನ್ನು ತಂದು ನನ್ನ ಕೈಗೆ ಕೊಟ್ಟಳು. ನಾನು ಮಡಿಕೆ ಸರಿಮಾಡಿ ಬ್ಯಾಗಿಗೆ ಹಾಕಿಕೊಂಡೆ.