ಬೆಲ್ ಒತ್ತದ ದೊಡ್ಡಮ್ಮ

ದೊಡ್ಡಮ್ಮ ಬೆಲ್ ಒತ್ತುತ್ತಾಳಾ? ಈ ಒಂದು ಪ್ರಶ್ನೆ ನನ್ನ ತಲೆಯಿಂದ ಇಳಿಯುತ್ತಲೇ ಇರಲಿಲ್ಲ. ಮಗಳಿಗೆ ಜಡೆ ಹಾಕುವಾಗ, ಆಫೀಸಿನ ಮೀಟಿಂಗಿನಲ್ಲಿ, ಗಿಂಡಿ ಸ್ಟೇಷನ್ನಿನಲ್ಲಿ ಮೆಟ್ರೋ ಇಳಿದು ಲೋಕಲ್ ಟ್ರೇನಿಗೆ ಓಡುವಾಗ, ಅದೇ. ನೋಡಿದ ಕೇರ್ ಹೋಮುಗಳಲ್ಲೆಲ್ಲ ಹಾಸಿಗೆ ಪಕ್ಕದಲ್ಲಿ ಕೆಂಪು ಗುಂಡಿಯ ಬೆಲ್ ಇತ್ತು. ಎಲ್ಲರೂ ಹೆಮ್ಮೆಯಿಂದ ಒತ್ತಿ ತೋರಿಸುತ್ತಿದ್ದರು. ಟಿಣ್ ಅನ್ನುತ್ತಿತ್ತು, ನರ್ಸ್ ಓಡಿ ಬರುತ್ತಿದ್ದಳು. ಸರಿ, ಒತ್ತಿದರೆ ಬರುತ್ತಾರೆ. ಒತ್ತದಿದ್ದರೆ?

ದೊಡ್ಡಮ್ಮ ಅಂದರೆ ನನ್ನ ಅಮ್ಮನ ಅಕ್ಕ, ಸೀತಾ. ನಂಜನಗೂಡಿನಿಂದ ಮದುವೆಯಾಗಿ ಪುರಸೈವಾಕ್ಕಂನ ಒಂದು ಬಾಡಿಗೆ ಪೋರ್ಷನ್ನಿಗೆ ಬಂದವಳು. ದೊಡ್ಡಪ್ಪ ರೈಲ್ವೆಯಲ್ಲಿದ್ದರು, ಬೇಗ ಹೋಗಿಬಿಟ್ಟರು. ಅವರ ಕೆಲಸದ ಲೆಕ್ಕದಲ್ಲಿ ಇವಳಿಗೆ ಒಂದು ಗುಮಾಸ್ತೆ ಕೆಲಸ ಸಿಕ್ಕಿತು. ಮಕ್ಕಳಿರಲಿಲ್ಲ. ನನ್ನ ಅಮ್ಮ ತೀರಿಕೊಂಡ ಮೇಲೆ ನಾನು ಅವಳ ಮಗಳಾದೆ, ಅಷ್ಟೇ. ಯಾರೂ ಕೂತು ತೀರ್ಮಾನ ಮಾಡಲಿಲ್ಲ. ಒಂದು ದಿನ ಪುರಸೈವಾಕ್ಕಂನ ಅಂಗಡಿಗೆ ಕರೆದುಕೊಂಡು ಹೋಗಿ ಯೂನಿಫಾರ್ಮ್ ಹೊಲಿಸಿಕೊಟ್ಟಳು, ನಾನು ಅಲ್ಲೇ ಉಳಿದೆ.

ಅವಳು ತನಗಾಗಿ ಏನನ್ನೂ ಕೇಳಿದ್ದನ್ನು ನಾನು ನೋಡಿಲ್ಲ. ಇಲ್ಲಿನವರು ಕತ್ತಿರಿ ವೆಯಿಲ್ ಅನ್ನುವ ಮೇ ತಿಂಗಳ ಬಿಸಿಲಿನಲ್ಲಿ, ಆಫೀಸಿನಲ್ಲಿ ಅವಳ ತಲೆ ಮೇಲಿನ ಫ್ಯಾನು ಕೆಟ್ಟು ನಿಂತಿತ್ತಂತೆ. ಬೆವರಿಗೆ ಸೀರೆ ಬೆನ್ನಿಗಂಟಿದರೂ ಯಾರಿಗೂ ಹೇಳಲಿಲ್ಲ. ಕೊನೆಗೆ ಪಕ್ಕದ ಮೇಜಿನವರೇ ಜಗಳವಾಡಿ ರಿಪೇರಿ ಮಾಡಿಸಿದರು. ಆದರೆ ಬೇರೆಯವರ ವಿಷಯದಲ್ಲಿ ಹಾಗಲ್ಲ. ಮದುವೆ ಜವಳಿಗೆಂದು ಊರಿನಿಂದ ಬಂದ ನೆಂಟರನ್ನು ಟಿ. ನಗರದ ಅಂಗಡಿ ಅಂಗಡಿಗೂ ಹತ್ತಿಸಿ ಇಳಿಸುವಳು, ಯಾರ ಕಾಲು ನೋಯುತ್ತಿದೆ, ಯಾರ ಮುಖ ಬಾಡಿದೆ ಎಂದು ಅವರಿಗಿಂತ ಮೊದಲೇ ಅವಳಿಗೆ ಗೊತ್ತಾಗುತ್ತಿತ್ತು.

ಈಗ ಅವಳಿರುವುದು ನಂಗನಲ್ಲೂರಿನ ನಮ್ಮ ಫ್ಲಾಟಿನಲ್ಲಿ. ಬಿದ್ದಿದ್ದೂ ಅಲ್ಲೇ. ನಾನು ಪಕ್ಕದ ರೂಮಿನಲ್ಲಿ ಆಫೀಸಿನ ಕಾಲ್‌ನಲ್ಲಿದ್ದೆ. ನನ್ನ ಮಗಳು ಅನು ಬಂದು ಬಾಗಿಲಲ್ಲಿ ನಿಂತು, "ಅಮ್ಮಾ, ಪಾಟಿ ತರೈಲ ಪಡುತ್ತಿರುಕ್ಕಾ" ಅಂದಳು. ಅಜ್ಜಿ ನೆಲದ ಮೇಲೆ ಮಲಗಿದ್ದಾರೆ ಅಂತ. ಅವಳಿಗೆ ಅದೊಂದು ಆಟ. ಓಡಿದೆ. ದೊಡ್ಡಮ್ಮ ಸೊಂಟ ಮುರಿದುಕೊಂಡು ಸೂರು ನೋಡುತ್ತ ಮಲಗಿದ್ದಳು.

"ಯಾಕೆ ಕೂಗಲಿಲ್ಲ ದೊಡ್ಡಮ್ಮ?"

"ನೀನು ಫೋನಲ್ಲಿ ಮಾತಾಡ್ತಿದ್ದೆ ಕಣೇ."

ಆಪರೇಷನ್ ಆಯಿತು. ಕೆಲವು ತಿಂಗಳು ದಿನವೂ ಫಿಸಿಯೋಥೆರಪಿ ಬೇಕು, ಎತ್ತಿ ಕೂರಿಸುವವರು ಬೇಕು, ಇನ್ನೊಮ್ಮೆ ಬಿದ್ದರೆ ಕಷ್ಟ ಅಂದರು ಡಾಕ್ಟರು. ನಮ್ಮ ಬಚ್ಚಲಿನ ಬಾಗಿಲಲ್ಲಿ ವಾಕರ್ ಹಿಡಿಸುವುದಿಲ್ಲ. ಮನೆಗೆ ಬಂದ ಆಯಾ ಪೊಂಗಲ್‌ಗೆ ಊರಿಗೆ ಹೋದವಳು ತಿರುಗಿ ಬರಲಿಲ್ಲ. ಹಾಗೆ ತಾಂಬರಂ ಕಡೆ ಹೊಸ ಬಡಾವಣೆಗಳಲ್ಲಿರುವ ಹೋಮುಗಳನ್ನು ಹುಡುಕಲು ಶುರುಮಾಡಿದೆವು. ದೊಡ್ಡಮ್ಮನ ತಮ್ಮ, ಮೈಸೂರಿನ ರಘುರಾಮ ಮಾವನಿಗೆ ವಿಷಯ ಹೇಳಿದಾಗ, "ನರ್ಸಿಂಗ್ ಹೋಮಾ? ಏನೇ, ಇನ್ನೊಂದು ಮಗುನಾ?" ಅಂತ ಸಂಭ್ರಮಪಟ್ಟರು. ವಿವರಿಸಿದ ಮೇಲೆ "ಹೂಂ" ಅಂದು ಫೋನಿಟ್ಟರು. ಆ "ಹೂಂ"ಗೆ ನಾನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ದೊಡ್ಡಮ್ಮನನ್ನು ಕೇಳಿದರೆ, "ನಿಂಗೆ ಯಾವುದು ಅನುಕೂಲವೋ ಅದು." ನನಗೆ ಯಾವುದು ಅನುಕೂಲ? ಅದೇ ಗೊತ್ತಿದ್ದರೆ!

ಅಂತೂ ಎರಡು ಜಾಗ ಉಳಿದವು. ಅವುಗಳ ಉದ್ದುದ್ದ ಹೆಸರು ನಮಗ್ಯಾರಿಗೂ ನೆನಪಿಲ್ಲ, ಅನು ಇಟ್ಟ ಹೆಸರೇ ಗಟ್ಟಿಯಾಯಿತು. ಪೆರುಂಗಳತ್ತೂರಿನದು ಮೀನಿನ ಮನೆ, ರಿಸೆಪ್ಷನ್ನಿನಲ್ಲಿ ದೊಡ್ಡ ಗಾಜಿನ ತೊಟ್ಟಿಯಲ್ಲಿ ಮೀನುಗಳಿವೆ. ಸೇಲೈಯೂರಿನದು ನಾಯಿ ಮನೆ, ಗೇಟಿನಲ್ಲಿ ಮುದಿ ನಾಯಿಯೊಂದು ಮಲಗಿರುತ್ತದೆ. ಮೀನಿನ ಮನೆಯಲ್ಲಿ ಲಿಫ್ಟು, ಎ.ಸಿ., ನಮ್ಮ ಫೋನಿಗೇ ಸುದ್ದಿ ಕಳಿಸುವ ಆ್ಯಪ್. ನಾಯಿ ಮನೆ ಹಳೆಯ ಬಂಗಲೆ, ಗೋಡೆಯ ಸುಣ್ಣ ಉದುರಿದೆ, ಆದರೆ ಫಿಸಿಯೋ ದಿನವೂ ಬರುತ್ತಾನೆ. ನನ್ನ ಪ್ರಶ್ನೆಯನ್ನು ಎರಡೂ ಕಡೆ ಕೇಳಿದೆ.

"ಅವರು ಬೆಲ್ ಒತ್ತೋದಿಲ್ಲ. ಆಗೇನು ಮಾಡ್ತೀರಿ?"

ಮೀನಿನ ಮನೆಯ ಮ್ಯಾನೇಜರ್ ನಕ್ಕರು. "ಟ್ರೇನಿಂಗ್ ಕೊಡ್ತೀವಿ ಮೇಡಂ."

ನಾಯಿ ಮನೆಯ ಮೇಟ್ರನ್ ಜೆಸಿಂತಾ, ನಾಗರಕೋಯಿಲಿನವರು, ಗಟ್ಟಿ ದನಿಯ ಹೆಂಗಸು. "ಒತ್ತದಿದ್ದರೆ ನೋಡೋಣ" ಅಂದರು, ಅಷ್ಟೇ. ಇದು ಉತ್ತರವಾ?

ನನ್ನ ಗಂಡ ಮಧು, "ಎರಡೂ ಕಡೆ ಒಂದೊಂದು ವಾರ ಇಟ್ಟು ನೋಡೋಣ" ಅಂದ.

"ಫ್ರಿಜ್ಜಾ ಡೆಮೊ ನೋಡೋಕೆ?"

"ಫ್ರಿಜ್ ತಗೊಳ್ಳೋಕೆ ನೀನು ಇದಕ್ಕಿಂತ ಜಾಸ್ತಿ ದಿನ ತಗೊಂಡೆ ರಚನಾ."

ಮೊದಲು ಮೀನಿನ ಮನೆ. ಆ್ಯಪಿನಲ್ಲಿ ದಿನವೂ ಹಸಿರು ಹಸಿರು ಗುರುತು: ಸ್ನಾನ ಆಯಿತು, ತಿಂಡಿ ಆಯಿತು, ಊಟ ಆಯಿತು. ಅದನ್ನು ನೋಡಿ ನೋಡಿ ನನಗೆ ರಾತ್ರಿ ನೆಮ್ಮದಿಯ ನಿದ್ದೆ ಬರತೊಡಗಿತು. ವಾರ ಮುಗಿಸಿ ಬಂದ ದೊಡ್ಡಮ್ಮನನ್ನು ಕೇಳಿದರೆ "ಚೆನ್ನಾಗಿತ್ತು." ಕೆಲವು ದಿನ ಮನೆಯಲ್ಲಿದ್ದು ನಾಯಿ ಮನೆಗೆ ಹೋದಳು. ನೋಡಲು ಹೋದರೆ ಅಲ್ಲೂ "ಚೆನ್ನಾಗಿದೆ." ಎರಡು "ಚೆನ್ನಾಗಿ"ಗಳ ನಡುವೆ ನಾನು ಏನನ್ನು ಹೋಲಿಸಲಿ?

ಹೀಗಿರುವಾಗ ಒಂದು ಮಧ್ಯಾಹ್ನ ಆಫೀಸಿಗೆ ಜೆಸಿಂತಾ ಫೋನು. "ಪಾಟಿ ಬೆಳಗ್ಗೆಯಿಂದ ಏನೂ ತಿಂದಿಲ್ಲ. ಕೇಳಿದರೆ 'ಇನ್ನಿಕ್ಕಿ ವೇಂಡಾಂ' ಅಂತಾರೆ. ಮಾತ್ರೆಗೆ ಒಂದು ಗುಟುಕು ನೀರು ಕುಡಿದಿದ್ದು ಬಿಟ್ಟರೆ ಬಾಯಿ ಬಿಡ್ತಿಲ್ಲ. ಮನಸ್ಸಿಗೆ ಏನೋ ಆಗಿರಬೇಕು. ನೀವು ಬನ್ನಿ."

ಇವತ್ತು ಬೇಡ! ಅನ್ನ ಬಿಟ್ಟು ಮಲಗಿದ್ದಾಳೆ. ಯಾರೋ ಏನೋ ಅಂದಿದ್ದಾರೆ. ಅಥವಾ ನಾವು ಬಿಟ್ಟುಬಿಟ್ಟೆವು ಎಂದುಕೊಂಡಿದ್ದಾಳೆ. ಕ್ಯಾಬ್ ಹಿಡಿದು ಸೇಲೈಯೂರಿಗೆ ಹೋಗುವಷ್ಟರಲ್ಲಿ ನನ್ನ ತಲೆಯಲ್ಲಿ ಏನೇನೋ ಆಗಿಹೋಗಿತ್ತು.

ಮಹಡಿಯ ರೂಮಿನಲ್ಲಿ ದೊಡ್ಡಮ್ಮ ಕಣ್ಣುಮುಚ್ಚಿ ಕೂತಿದ್ದಳು, ತುಟಿ ಮೆಲ್ಲಗೆ ಅಲ್ಲಾಡುತ್ತಿತ್ತು. ಜೆಸಿಂತಾ ಒಂದು ಬಟ್ಟಲು ಗಂಜಿ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದರು.

"ಏನು ಮಾಡಿದ್ರಿ ಇವರಿಗೆ? ಯಾರು ಬೈದರು?" ತಮಿಳಿನಲ್ಲಿ ಕೂಗಿದೆ.

"ಅದನ್ನೇ ನಿಮ್ಮನ್ನ ಕೇಳೋಣ ಅಂತ ಕರೆದದ್ದು ಅಮ್ಮಾ. ಇವರಿಗೆ ಮೊದಲೂ ಹೀಗೆ ಆಗ್ತಿತ್ತಾ?"

"ಮೊದಲು ಚೆನ್ನಾಗಿದ್ದರು. ಮೀನಿನ ಮನೇಲಿ ದಿನಾ ಊಟ ಮಾಡ್ತಿದ್ದರು!"

"ಯಾವ ಮೀನು?" ಅಂದರು ಜೆಸಿಂತಾ, ಪಾಪ.

ನಾನು ಇನ್ನೂ ಏನೇನೋ ಅಂದೆ. ಗೋಡೆಯ ಸುಣ್ಣದ ವಿಷಯವನ್ನೂ ಎತ್ತಿದೆ. ದೊಡ್ಡಮ್ಮ ಕಣ್ಣುಬಿಟ್ಟು "ರಚ್ಚೂ..." ಅಂದಳು. "ನೀನು ಸುಮ್ಮನಿರು ದೊಡ್ಡಮ್ಮ, ನಾನಿದ್ದೀನಿ" ಅಂದೆ. ಬಟ್ಟೆ ತುಂಬಿದೆ, ಗಾಲಿಕುರ್ಚಿಯಲ್ಲಿ ಕೂರಿಸಿ, ಅಲ್ಲಿನ ಹುಡುಗರಿಂದ ಕುರ್ಚಿ ಸಮೇತ ಮೆಟ್ಟಿಲಿಳಿಸಿ ಹೊರಡಿಸಿದೆ. ಜೆಸಿಂತಾ ಗೇಟಿನವರೆಗೂ ಬಂದರು. ನಾನು ತಿರುಗಿ ನೋಡಲಿಲ್ಲ.

ಕ್ಯಾಬು ತಾಂಬರಂ ದಾಟಿದ ಮೇಲೆ ದೊಡ್ಡಮ್ಮ ನಿಧಾನವಾಗಿ ಹೇಳಿದಳು, "ಇವತ್ತು ಏಕಾದಶಿ ಅಲ್ವೇನೇ."

ಅಯ್ಯೋ. ಪುರಸೈವಾಕ್ಕಂ ಮನೆಯಲ್ಲಿ ಹದಿನೈದು ದಿನಕ್ಕೊಮ್ಮೆ ಅವಳು ಒಲೆ ಮುಂದೆ ನನಗೆ ಬಡಿಸುತ್ತ ತಾನು ಕೂರದೆ ಇರುತ್ತಿದ್ದಳು. ನಾನು ತಿಂದು ಸ್ಕೂಲಿಗೆ ಓಡುತ್ತಿದ್ದೆ. ಈಗ ನಮ್ಮ ಮನೆಯಲ್ಲಿ ಪಂಚಾಂಗ ನೋಡುವವರು ಯಾರು?

"ಅಲ್ಲೇ ಹೇಳಬಾರದಿತ್ತಾ?"

"ನೀನು ಹೇಳೋಕೆ ಬಿಟ್ಟೆಯಾ?"

"ಆ ಮೇಟ್ರನ್‌ಗಾದರೂ ಹೇಳಬೇಕಾಗಿತ್ತು."

"ಉಪವಾಸ ಅಂತ ಡಂಗುರ ಹೊಡೀಬೇಕಾ? ಹೋದ ಏಕಾದಶಿಗೆ ಮೀನಿನ ಮನೇಲಿದ್ದೆ. ತಟ್ಟೆ ತಂದಿಟ್ಟರು, ಹಾಗೇ ತಗೊಂಡು ಹೋದರು. ಒಬ್ಬರೂ ಏನೂ ಕೇಳಲಿಲ್ಲ. ಹಾಯಾಗಿತ್ತು. ಇಲ್ಲಿ ನೋಡು, ಹಾಲು ಬೇಕಾ, ಗಂಜಿ ಬೇಕಾ, ಹೊಟ್ಟೆ ನೋವಾ, ಮಗಳ ನೆನಪಾ... ಜಪಕ್ಕೇ ಬಿಡಲಿಲ್ಲ."

ಆ ದಿನವೂ ಆ್ಯಪಿನಲ್ಲಿ ಹಸಿರು ಗುರುತು ಬಂದಿತ್ತು, ಊಟ ಆಯಿತು ಅಂತ. ಇಡೀ ದಿನ ಒಬ್ಬ ಮುದುಕಿ ಏನೂ ತಿನ್ನಲಿಲ್ಲ ಎಂದು ಅಲ್ಲಿ ಯಾರೂ ನೋಡಿರಲಿಲ್ಲ. ಇವಳಿಗೆ ಅದು ಹಾಯಾಗಿತ್ತು!

ಡ್ರೈವರಿಗೆ ಏಕಾದಶಿ ಅನ್ನುವುದಷ್ಟಾದರೂ ಅರ್ಥವಾಗಿರಬೇಕು. ಕನ್ನಡಿಯಲ್ಲಿ ನೋಡಿ, "ಗಾಡಿ ತಿರುಗಿಸಲಾ ಅಮ್ಮಾ?" ಅಂದ. ಯಾವ ಮುಖ ಇಟ್ಟುಕೊಂಡು ತಿರುಗಿಸಲಿ? "ಬೇಡ, ಹೋಗಿ" ಅಂದೆ.

ಸಂಜೆ ಮಧುವಿಗೆ ಎಲ್ಲ ಹೇಳಿದೆ. "ಹಾಗಾದರೆ ನಾಯಿ ಮನೆ" ಅಂದ, ಲೆಕ್ಕ ಮುಗಿದ ಹಾಗೆ.

"ಅವಳಿಗೆ ಇಷ್ಟ ಮೀನಿನ ಮನೆ."

"ಯಾಕೆ?"

"ಯಾರೂ ಗಮನಿಸೋದಿಲ್ಲ ಅಂತ."

ಮಧು ಎದ್ದು ರಿಮೋಟ್ ಹುಡುಕಿದ. ಆಮೇಲೆ ಟಿವಿ ಹಾಕಿದ.

ನನಗೆ ಭಯ ಹುಟ್ಟಿಸುವುದೇ ಅವಳಿಗೆ ನೆಮ್ಮದಿ. ಅವಳ ಮಾತು ಕೇಳಿದರೆ ಇನ್ನೊಮ್ಮೆ ನೆಲದ ಮೇಲೆ ಸುಮ್ಮನೆ ಮಲಗಿರುತ್ತಾಳೆ. ನನ್ನ ಮಾತು ನಡೆಸಿದರೆ ಅವಳ ಮೌನವನ್ನೂ ಕಿತ್ತುಕೊಂಡ ಹಾಗೆ. ಇಷ್ಟು ವರ್ಷ ತನಗೊಂದು ಫ್ಯಾನು ಕೇಳದವಳ ಪರವಾಗಿ ನಾನು ಹೇಗೆ ಆರಿಸಲಿ? ಅಲ್ಲದೆ ಜೆಸಿಂತಾ ನಮ್ಮನ್ನು ಮತ್ತೆ ಒಳಗೆ ಬಿಟ್ಟಾರೆಯೇ? ಫೋನು ಕೈಗೆತ್ತಿಕೊಂಡೆ, ಇಟ್ಟೆ. ಮತ್ತೆ ಎತ್ತಿಕೊಂಡೆ. ಮೊದಲು ಕ್ಷಮೆ ಕೇಳಬೇಕಾ, ಏಕಾದಶಿ ವಿಷಯ ಹೇಳಬೇಕಾ, ಅದೂ ಗೊತ್ತಾಗಲಿಲ್ಲ.

ಮರುದಿನ ದ್ವಾದಶಿ. ಬೆಳಗಾಗುತ್ತಲೇ ದೊಡ್ಡಮ್ಮ ಪಾರಣೆಗೆ ಕೂರಬೇಕು. ಯೂಟ್ಯೂಬ್ ನೋಡಿಕೊಂಡು ಅಗಸೆಸೊಪ್ಪಿನ ಪಲ್ಯ ಮಾಡಿದೆ. ಟೇಬಲ್ಲಿಗೆ ಕುರ್ಚಿ ಹತ್ತಿರ ಎಳೆದು ಕೂರಿಸಿ ಬಡಿಸಿದೆ. ಎರಡು ತುತ್ತು ತಿಂದು ಕೈ ತಡೆದಳು.

"ಉಪ್ಪು ಬೇಕಾ ದೊಡ್ಡಮ್ಮ?"

"ಅದಲ್ಲ. ಆ ಜೆಸಿಂತಾಗೆ ಒಂದು ಫೋನ್ ಮಾಡ್ತೀಯಾ?"

ಸೌಟು ಕೆಳಗಿಟ್ಟು ಮೊಬೈಲ್ ಎತ್ತಿಕೊಂಡೆ. ದೊಡ್ಡಮ್ಮ 'ಮಾಡ್ತೀಯಾ' ಅಂತ ನನ್ನನ್ನು ಕೇಳಿದ್ದಳು.

"ಏನಂತ?"

"ನಾನು ಊಟ ಮಾಡಿದೆ ಅಂತ ಹೇಳು. ಅವಳಿಗೆ ಮಂಡಿ ನೋವು ಕಣೇ, ಆದರೂ ನನಗೋಸ್ಕರ ಮೆಟ್ಟಿಲು ಹತ್ತಿ ಹತ್ತಿ ಬಂದಳು. ನೀನು ಬರೋವರೆಗೂ ಅವಳೂ ಊಟಕ್ಕೆ ಹೋಗಿರಲಿಲ್ಲ. ಪಾಪ, ನಿನ್ನ ಕೈಲಿ ಬೈಸಿಕೊಂಡಳು ಬೇರೆ."

"ಮತ್ತೆ ಅಲ್ಲಿಗೆ ಹೋಗ್ತೀಯಾ?"

"ಫಿಸಿಯೋ ಹುಡುಗ ಚೆನ್ನಾಗಿ ಮಾಡ್ತಾನೆ" ಅಂದಳು, ತಟ್ಟೆ ನೋಡುತ್ತ. ಅದು ಹೌದಾ ಅಲ್ಲವಾ ನನಗೆ ಈಗಲೂ ಖಚಿತವಿಲ್ಲ. "ಮೊದಲು ಫೋನ್ ಮಾಡು. ಮೊಬೈಲ್ ಹಿಡಕೊಂಡು ನಿಂತರೆ ಕಾಲ್ ಹೋಗುತ್ತಾ?"

ಬಾಲ್ಕನಿಗೆ ಹೋಗಿ ನಂಬರ್ ಒತ್ತಿದೆ. ರಿಂಗಾಗುವಾಗ ಕಟ್ ಮಾಡಿಬಿಡಲಾ ಅನ್ನಿಸಿತು. ಅಷ್ಟರಲ್ಲಿ ಆ ಗಟ್ಟಿ ದನಿ "ಹಲೋ" ಅಂದಿತು.

"ಮೇಡಂ, ನಾನು ರಚನಾ... ನಿನ್ನೆ ಬಂದು..." ಯೋಚಿಸಿಟ್ಟುಕೊಂಡ ಮಾತೆಲ್ಲ ಮರೆತುಹೋಯಿತು. "ಸೀತಮ್ಮನ ಮನೆಯಿಂದ..."

ಆಕೆ ನನ್ನನ್ನು ಮುಗಿಸಲು ಬಿಡಲಿಲ್ಲ.

"ಅದಿರಲಿ ಅಮ್ಮಾ, ಪಾಟಿ ಏನಾದರೂ ತಿಂದ್ರಾ?"